ಸ್ವಂತ ಕೈಯಲ್ಲಿ ಮಾಡಿದ ಸೂಪರ್‌ಹೀರೋ ವೇಷ: ನಂಬಿಸಬೇಕಾದರೆ ಯಾವ ದಾರಿ ಹಿಡಿಯಬೇಕು?

ಜೇಡ ಕಚ್ಚಿ ಹುಡುಗನಿಗೆ ಗೋಡೆ ಹತ್ತುವ ಶಕ್ತಿ ಬಂತು ಅಂದರೆ ನಾವು ತಕರಾರು ಮಾಡದೆ ಒಪ್ಪಿಕೊಳ್ಳುತ್ತೇವೆ. ಅದೇ ಹುಡುಗ ಮುಂದಿನ ದೃಶ್ಯದಲ್ಲಿ ಒಂದು ಸುಕ್ಕೂ ಇಲ್ಲದ, ಮೈಗೆ ಅಂಟಿಕೊಂಡ ಉಡುಪಿನಲ್ಲಿ ಬಂದು ನಿಂತರೆ ಮಾತ್ರ ಮನಸ್ಸಿಗೆ ಏನೋ ಕೊಕ್ಕೆ ಸಿಕ್ಕಿದ ಹಾಗಾಗುತ್ತದೆ. ಇದನ್ನು ಹೊಲಿದದ್ದು ಯಾರು? ಯಾವಾಗ? ಜೇಡದ ಶಕ್ತಿ ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬಟ್ಟೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ದಿನಾ ಹಾಕಿಕೊಳ್ಳುತ್ತೇವೆ, ಒಗೆಯುತ್ತೇವೆ, ಕಿತ್ತುಹೋದ ಗುಂಡಿ ಹಾಕುತ್ತೇವೆ. ಅದಕ್ಕೇ ಬಟ್ಟೆಯ ವಿಷಯದಲ್ಲಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

ನೀವು ಕಿರುಚಿತ್ರ ಮಾಡುತ್ತಿರಬಹುದು, ಚಿತ್ರಕಥೆ ಬರೆಯುತ್ತಿರಬಹುದು. ನಿಮ್ಮ ನಾಯಕ ತನ್ನ ವೇಷವನ್ನು ತಾನೇ ಮಾಡಿಕೊಳ್ಳುತ್ತಾನೆ ಅನ್ನುವುದಾದರೆ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಮನೆಯಲ್ಲಿದ್ದ ಬಟ್ಟೆ, ಮೈಗಂಟುವ ಹಿಗ್ಗುವ ಬಟ್ಟೆ, ಬೇರೆ ಕೆಲಸಕ್ಕೆಂದು ಮಾಡಿದ ರೆಡಿಮೇಡ್ ಉಡುಪು, ಮತ್ತೆ ಗಟ್ಟಿ ಕವಚ. ಇವುಗಳಲ್ಲಿ ಯಾವುದು ಚೆಂದ ಅಂತ ನಾನು ಹೋಲಿಸುತ್ತಿಲ್ಲ. ಇದು ಈ ಮನುಷ್ಯನ ಕೈಯಿಂದ ಬಂದಿರಲು ಸಾಧ್ಯವಾ ಅನ್ನುವುದೊಂದೇ ನನ್ನ ಅಳತೆಗೋಲು.

ಮೊದಲು ಪಾತ್ರದ ಕೈ ನೋಡಿ

ಬಟ್ಟೆ ಆರಿಸುವುದು ಆಮೇಲೆ. ಈ ಮನುಷ್ಯನಿಗೆ ಏನು ಬರುತ್ತದೆ, ಎಷ್ಟು ದಿನ ಸಿಕ್ಕಿದೆ, ಎಷ್ಟು ದುಡ್ಡಿದೆ, ಯಾರಿಗೂ ಗೊತ್ತಾಗದ ಹಾಗೆ ಮಾಡಲು ಜಾಗ ಇದೆಯಾ ಅನ್ನುವುದು ಮೊದಲು ತೀರ್ಮಾನ ಆಗಬೇಕು. 2021ರ ಮಲಯಾಳಂ ಸಿನಿಮಾ 'ಮಿನ್ನಲ್ ಮುರಳಿ'ಯ ನಾಯಕ ಜೈಸನ್ ಬಟ್ಟೆ ಹೊಲಿಯುವ ಟೈಲರ್. ಈ ಒಂದು ವಿಷಯದಿಂದಲೇ ಅರ್ಧ ಕೆಲಸ ಮುಗಿಯಿತು. ಅವನು ವೇಷ ತೊಟ್ಟು ಬಂದರೆ ಹೊಲಿದವರು ಯಾರು ಅಂತ ಯಾರೂ ಕೇಳುವುದಿಲ್ಲ. 2010ರ 'ಸೂಪರ್' ಸಿನಿಮಾದ ಫ್ರ್ಯಾಂಕ್ ಇದಕ್ಕೆ ತದ್ವಿರುದ್ಧ. ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವ ಸಾಮಾನ್ಯ ಮನುಷ್ಯ. ತಾನೇ ಮಷಿನ್ ಮುಂದೆ ಕೂತು ಕೆಂಪು ಉಡುಪು ಹೊಲಿದುಕೊಳ್ಳುತ್ತಾನೆ. ಅದು ಅವನ ಮೈಗೆ ಸರಿಯಾಗಿ ಕೂರುವುದಿಲ್ಲ, ನೋಡಲು ಒಂಥರಾ ಪೆದ್ದುಪೆದ್ದಾಗಿದೆ. ಹಾಗಿರುವುದೇ ಸರಿ. ಅವನ ಕೈಗೆ ಅಷ್ಟೇ ಬರುತ್ತದೆ. ಎರಡು ಉಡುಪುಗಳ ಗುಣಮಟ್ಟ ಬೇರೆ ಬೇರೆ, ಆದರೆ ಎರಡನ್ನೂ ನಂಬಬಹುದು.

ಮನೆಯಲ್ಲಿದ್ದದ್ದನ್ನೇ ಹಾಕಿಕೊಂಡರೆ

ನಂಬಿಕೆಯ ಲೆಕ್ಕದಲ್ಲಿ ಇದು ಮೊದಲನೇ ಸ್ಥಾನ. ಹೂಡಿ, ಟ್ರ್ಯಾಕ್ ಪ್ಯಾಂಟ್, ಮಂಕಿ ಕ್ಯಾಪ್, ಹಳೇ ಬೂಟು. ಹೊಲಿಗೆ ಬೇಕಾಗಿಯೇ ಇಲ್ಲ, ಹೆಚ್ಚೆಂದರೆ ತೋಳು ಕತ್ತರಿಸಬೇಕು, ಎದೆಯ ಮೇಲೆ ಒಂದು ಗುರುತು ಬರೆಯಬೇಕು. 2002ರ 'ಸ್ಪೈಡರ್-ಮ್ಯಾನ್'ನಲ್ಲಿ ಪೀಟರ್ ಕುಸ್ತಿಗೆ ಹೋಗುವಾಗ ಹಾಕಿಕೊಳ್ಳುವುದು ಕೆಂಪು ಸ್ವೆಟ್‌ಶರ್ಟು, ನೀಲಿ ಪ್ಯಾಂಟು, ಕಣ್ಣಿಗೆ ಕಿಂಡಿ ಬಿಟ್ಟ ಮುಸುಕು. ಆ ಹುಡುಗ ಒಂದು ರಾತ್ರಿಯಲ್ಲಿ ಅದನ್ನು ಮಾಡಿಕೊಂಡಿರಬಹುದು ಅನ್ನಿಸುತ್ತದೆ, ಅಲ್ವಾ?

2009ರ 'ಡಿಫೆಂಡರ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ನಾಯಕನ ಎದೆಯ ಮೇಲಿನ 'ಡಿ' ಅಕ್ಷರ ಡಕ್ಟ್ ಟೇಪಿನದ್ದು. ಕಣ್ಣಿನ ಸುತ್ತ ಬಳಿದುಕೊಂಡ ಕಪ್ಪೇ ಮುಖವಾಡ. 2000ದ 'ಅನ್‌ಬ್ರೇಕಬಲ್'ನಲ್ಲಂತೂ ವೇಷ ಅಂತ ಕರೆಯುವಂಥದ್ದು ಏನೂ ಇಲ್ಲ. ಸೆಕ್ಯೂರಿಟಿ ಗಾರ್ಡ್ ತನ್ನ ಡ್ಯೂಟಿಯ ಹಸಿರು ರೇನ್‌ಕೋಟನ್ನೇ ತೊಟ್ಟಿದ್ದಾನೆ. ತಲೆ ಮೇಲೆ ಟೋಪಿ ಎಳೆದುಕೊಂಡು ಮಳೆಯಲ್ಲಿ ನಿಂತಾಗ ಮೈಯಲ್ಲಿ ರೋಮಾಂಚನ ಆಗುತ್ತದೆ. ಒಂದು ಹೊಲಿಗೆಯನ್ನೂ ಹಾಕದೆ ಇಷ್ಟು ಸಾಧಿಸಬಹುದು ಅನ್ನುವುದನ್ನು ಹೊಸ ನಿರ್ದೇಶಕರು ಗಮನಿಸಬೇಕು.

2016ರ 'ಕ್ಯಾಪ್ಟನ್ ಅಮೆರಿಕಾ: ಸಿವಿಲ್ ವಾರ್'ನಲ್ಲಿ ಪೀಟರ್ ತನ್ನ ಕೋಣೆಯ ಮಾಡಿನ ಸಂದಿಯಲ್ಲಿ ಬಚ್ಚಿಟ್ಟ ಉಡುಪನ್ನು ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್, ಹೊರಗೆ ಎಳೆಯುತ್ತಾನೆ. ಕಣ್ಣಿಗೆ ಕಟ್ಟಿಕೊಳ್ಳುವ ಆ ದಪ್ಪ ಕನ್ನಡಕ ನೋಡಿ, ಇದರಲ್ಲಿ ಏನಾದರೂ ಕಾಣಿಸುತ್ತದಾ ಅಂತ ಕೇಳುತ್ತಾನೆ. ಜೇಡ ಕಚ್ಚಿದ ಮೇಲೆ ಎಲ್ಲಾ ವಿಪರೀತ ಜೋರಾಗಿ ಕಾಣಿಸುತ್ತದೆ, ಕೇಳಿಸುತ್ತದೆ. ಕನ್ನಡಕ ಇದ್ದರೆ ಗಮನ ಹಿಡಿದಿಟ್ಟುಕೊಳ್ಳಬಹುದು ಅಂತ ಹುಡುಗ ಹೇಳುತ್ತಾನೆ. ನನಗೆ ಈ ದೃಶ್ಯ ತುಂಬಾ ಇಷ್ಟ. ಉಡುಪಿನ ಒಂದು ಭಾಗ ಯಾಕಿದೆ ಅನ್ನುವುದಕ್ಕೆ ಕಾರಣ ಸಿಕ್ಕಿತು, ಆ ಕಾರಣ ಅವನ ಮೈಯೊಳಗಿನ ತೊಂದರೆಯಿಂದ ಹುಟ್ಟಿತು. ಮರುವರ್ಷದ 'ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್'ನಲ್ಲಿ ಟೋನಿ ಕೊಟ್ಟ ಉಡುಪು ವಾಪಸ್ ಹೋದ ಮೇಲೆ ಹುಡುಗ ಕೊನೆಯ ಹೊಡೆದಾಟಕ್ಕೆ ಇದೇ ಹಳೇ ಬಟ್ಟೆಯಲ್ಲಿ ಹೋಗುತ್ತಾನೆ. ಕುಸಿದ ಕಟ್ಟಡದ ಅಡಿ ಸಿಕ್ಕಿಕೊಂಡಾಗ ಅವನ ಮೈಮೇಲೆ ಇರುವುದು ಬರೀ ಹತ್ತಿ ಬಟ್ಟೆಯಂಥದ್ದು ಅನ್ನುವುದು ನಮಗೆ ಗೊತ್ತು. ಅದಕ್ಕೇ ಭಯ ಆಗುತ್ತದೆ.

ಈ ದಾರಿಯ ಕೊರತೆಯೂ ಒಂದಿದೆ. ದೂರದಿಂದ ಸಾಮಾನ್ಯ ಮನುಷ್ಯನ ಹಾಗೆಯೇ ಕಾಣುತ್ತದೆ. ಊರಿಗೆ ಊರೇ ಗುರುತು ಹಿಡಿಯುವಂಥ ಆಕಾರ ಬರುವುದಿಲ್ಲ. ಬಣ್ಣ ಎರಡಕ್ಕೆ ಸೀಮಿತವಾಗಿದ್ದರೆ, ತಲೆಯ ಆಕಾರ ಬೇರೆಯಾಗಿದ್ದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ.

ಮೈಗಂಟುವ ಬಟ್ಟೆ: ನೋಡಲು ಸುಲಭ, ನಂಬಿಸಲು ಕಷ್ಟ

ಹೆಚ್ಚಿನ ಸಿನಿಮಾಗಳು ಎಡವುವುದು ಇಲ್ಲೇ. ಸ್ಪ್ಯಾಂಡೆಕ್ಸ್ ಅನ್ನುವ ನೂಲನ್ನು 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದರು. ಅದನ್ನು ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಸೇರಿಸಿ ನೇಯುತ್ತಾರೆ. ಬಟ್ಟೆ ನಾಲ್ಕೂ ಕಡೆ ಹಿಗ್ಗುತ್ತದೆ. ಹೊಲಿಯುವವರ ತಲೆನೋವೂ ಅದೇ.

ಒಂದು ತೋಳಿನ ಹೊಲಿಗೆಯನ್ನೇ ಹತ್ತಿರದಿಂದ ನೋಡೋಣ. ಮಾಮೂಲಿ ನೇರ ಹೊಲಿಗೆ ಹಾಕಿದಿರಿ ಅನ್ನಿ. ತೋಳು ಏರಿಸುವಾಗ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಪಟ್ ಅಂತ ದಾರ ಕಡಿದು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಜಿಗ್‌ಜಾಗ್ ಹೊಲಿಗೆಯೋ ಓವರ್‌ಲಾಕೋ ಬೇಕು. ಸಾಧಾರಣ ಸೂಜಿ ಹಾಕಿದರೆ ನೂಲು ಕತ್ತರಿಸಿ ತೂತು ಬೀಳುತ್ತದೆ, ಕೆಲವೆಡೆ ಹೊಲಿಗೆಯೇ ಬೀಳುವುದಿಲ್ಲ. ತುದಿ ಸ್ವಲ್ಪ ದುಂಡಗಿರುವ ಸೂಜಿ ಬೇಕು. ಮಷಿನ್ ಕೆಳಗೆ ಬಟ್ಟೆಯನ್ನು ಎಳೆದು ಹಿಡಿದರೆ ಹೊಲಿಗೆ ಅಲೆಅಲೆಯಾಗಿ ನಿಲ್ಲುತ್ತದೆ. ಕತ್ತರಿಸುವ ಅಳತೆಯೂ ಬೇರೆ: ಮೈಯ ಅಳತೆಗಿಂತ ಚಿಕ್ಕದಾಗಿ ಕತ್ತರಿಸಿದರೆ ಮಾತ್ರ ಹಾಕಿಕೊಂಡಾಗ ಸುಕ್ಕಿಲ್ಲದೆ ಕೂರುತ್ತದೆ. ಎಷ್ಟು ಚಿಕ್ಕದು ಅನ್ನುವುದು ಆ ಬಟ್ಟೆ ಎಷ್ಟು ಹಿಗ್ಗುತ್ತದೆ ಅನ್ನುವುದರ ಮೇಲೆ. ಇಷ್ಟೆಲ್ಲಾ ಆದ ಮೇಲೆ ಕೈಗವಸು ಉಳಿದಿರುತ್ತದೆ. ಬೆರಳು ಬೆರಳಿನ ನಡುವೆ ಸಣ್ಣ ಪಟ್ಟಿ ಇಟ್ಟು ಹೊಲಿಯುವುದು ಕೈ ಪಳಗಿದವರಿಗೂ ಕಷ್ಟ.

ಹಾಗಾದರೆ ಮನೆಯಲ್ಲಿ ಮಾಡಲು ಆಗುವುದೇ ಇಲ್ಲವಾ? ಆಗುತ್ತದೆ. ಮನೆಯ ಹೊಲಿಗೆ ಮಷಿನ್ನಿನಲ್ಲೇ ಆಗುತ್ತದೆ. ಆದರೆ ಮೊದಲ ಸಲಕ್ಕೆ ಆಗುವುದಿಲ್ಲ. ಸಿನಿಮಾ ತೋರಿಸದೆ ಬಿಡುವುದು ಆ ಕೆಟ್ಟುಹೋದ ಪ್ರಯತ್ನಗಳನ್ನೇ. 2002ರ ಅದೇ 'ಸ್ಪೈಡರ್-ಮ್ಯಾನ್'ನಲ್ಲಿ ಸ್ವೆಟ್‌ಶರ್ಟಿನಿಂದ ಪೀಟರ್ ಸೀದಾ ಉಬ್ಬಿದ ಬಲೆಯ ಗೆರೆಗಳಿರುವ ಪೂರ್ತಿ ಉಡುಪಿಗೆ ಬಂದುಬಿಡುತ್ತಾನೆ. ನಡುವೆ ಕೆಲವು ಚಿತ್ರಗಳನ್ನು ಬಿಡಿಸುವುದು ಕಾಣುತ್ತದೆ, ಅಷ್ಟೇ. ನಿಜದಲ್ಲಿ ಆ ಉಡುಪಿನ ವಿನ್ಯಾಸ ಜೇಮ್ಸ್ ಆಚೆಸನ್ ಅವರದ್ದು. ಅಷ್ಟರಲ್ಲಾಗಲೇ ವೇಷಭೂಷಣಕ್ಕೆ ಮೂರು ಆಸ್ಕರ್ ಪಡೆದಿದ್ದವರು. ಅಂಥವರ ಕೆಲಸವನ್ನು ಈಗಷ್ಟೇ ಶಾಲೆ ಮುಗಿಸಿದ ಹುಡುಗನ ಕೈಕೆಲಸ ಅಂತ ತೋರಿಸಿದರೆ ನಂಬುವುದು ಹೇಗೆ? ಉಡುಪು ಎಷ್ಟು ಸುಂದರವಾಗಿದ್ದರೂ ಆ ಒಂದು ಕಡೆ ಸಿನಿಮಾ ನನ್ನನ್ನು ಒಪ್ಪಿಸಲಿಲ್ಲ.

ಆದರೆ 2004ರ ಎರಡನೇ ಭಾಗ ಆ ತಪ್ಪನ್ನು ತುಂಬಾ ಜಾಣತನದಿಂದ ಸರಿಮಾಡಿತು. ಪೀಟರ್ ಲಾಂಡ್ರಿಗೆ ಹೋಗಿ ಉಡುಪನ್ನು ಬೇರೆ ಬಟ್ಟೆಗಳ ಜೊತೆ ಮಷಿನ್ನಿಗೆ ಹಾಕುತ್ತಾನೆ, ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲಾ ಹತ್ತುತ್ತದೆ. ಇನ್ನೊಂದು ಕಡೆ ಶಕ್ತಿ ಕೈಕೊಟ್ಟು ಲಿಫ್ಟಿನಲ್ಲಿ ಇಳಿಯಬೇಕಾಗುತ್ತದೆ. ಪಕ್ಕದಲ್ಲಿ ನಿಂತವನ ಹತ್ತಿರ, ಇದು ಸ್ವಲ್ಪ ತುರಿಸುತ್ತದೆ ಅಂತ ಹೇಳಿಕೊಳ್ಳುತ್ತಾನೆ. ಮಾಡುವುದನ್ನು ತೋರಿಸದಿದ್ದರೂ, ಇಟ್ಟುಕೊಂಡು ಬಾಳುವುದನ್ನು ತೋರಿಸಿದರು. ಬಣ್ಣ ಬಿಡುವ ಬಟ್ಟೆ ಅಂದಮೇಲೆ ಅದು ಮನೆಯಲ್ಲೇ ಮಾಡಿದ್ದಿರಬೇಕು ಅಂತ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. 'ಹೋಮ್‌ಕಮಿಂಗ್'ನ ಹುಡುಗನದ್ದೇ ಕಥೆ ಮುಂದುವರಿಯುವ 2021ರ 'ಸ್ಪೈಡರ್-ಮ್ಯಾನ್: ನೋ ವೇ ಹೋಮ್' ಕೊನೆಯಲ್ಲಿ ಸಣ್ಣ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟು ತೋರಿಸಿದ್ದು ಇನ್ನೂ ನೇರವಾದ ದಾರಿ. ಆಗಂತೂ ಈ ಹುಡುಗ ಉಡುಪುಗಳ ಜೊತೆ ವರ್ಷಗಟ್ಟಲೆ ಓಡಾಡಿದ್ದಾನೆ. ಕಲಿತಿರಬಹುದು ಅನ್ನಿಸುತ್ತದೆ.

ನೀವು ಈ ದಾರಿ ಹಿಡಿಯುವುದಾದರೆ ಉಡುಪನ್ನು ಹಂತಹಂತವಾಗಿ ಬೆಳೆಸಿ. ಮೊದಲ ಸಲ ಬರೀ ಮೇಲಂಗಿ. ಆಮೇಲೆ ಬಣ್ಣ ಸ್ವಲ್ಪ ಬೇರೆಯಾದ ಪ್ಯಾಂಟು. ಮೊಣಕೈಯಲ್ಲಿ ತೇಪೆ. ಬೆನ್ನ ಮೇಲಿನ ಜಿಪ್ ಕಾಣಿಸಲಿ, ಮುಚ್ಚಿಡಬೇಡಿ. ಬಲೆಯಂಥ ಗೆರೆಗಳನ್ನು ಹೊಲಿಯುವ ಬದಲು ಟ್ಯೂಬಿನಿಂದ ಹಿಂಡುವ ಉಬ್ಬು ಬಣ್ಣದಲ್ಲಿ ಎಳೆಯಬಹುದು. ಮನೆಯಲ್ಲಿ ಕೂತು ಮಾಡುವವರು ಮಾಡುವುದೂ ಹಾಗೆಯೇ. ಬೆಳಕಿನ ಬಗ್ಗೆಯೂ ಎಚ್ಚರ ಇರಲಿ: ಹೊಳೆಯುವ ಬಟ್ಟೆಗೆ ನೇರ ಬೆಳಕು ಬಿದ್ದರೆ ಈಜುಡುಗೆಯ ಹಾಗೆ ಕಾಣುತ್ತದೆ. ಹೊಳಪಿಲ್ಲದ ಬಟ್ಟೆಯೇ ಮೇಲು.

ಕೊಂಡು ತಂದು ಮಾರ್ಪಾಡು ಮಾಡುವುದು

ಹೊಲಿಯಲು ಬಾರದ ನಾಯಕನಿಗೆ ಇದು ಒಳ್ಳೆಯ ಉಪಾಯ. 2010ರ 'ಕಿಕ್-ಆಸ್'ನಲ್ಲಿ ಡೇವ್ ಆನ್‌ಲೈನಿನಲ್ಲಿ ಹಸಿರು ವೆಟ್‌ಸೂಟ್ ತರಿಸುತ್ತಾನೆ, ಕನ್ನಡಿ ಮುಂದೆ ನಿಂತು ನೋಡಿಕೊಳ್ಳುತ್ತಾನೆ. ನೋಡಿದ ಕೂಡಲೇ ಎಲ್ಲಾ ಅರ್ಥ ಆಗುತ್ತದೆ. ಮೈಗೆ ಸರಿಯಾಗಿ ಕೂತಿದೆ, ಯಾಕೆಂದರೆ ಕಾರ್ಖಾನೆಯಲ್ಲಿ ಮಾಡಿದ್ದು. ಮೊದಲ ಹೊಡೆದಾಟದಲ್ಲೇ ಚಾಕು ಒಳಗೆ ಹೋಗುತ್ತದೆ, ಯಾಕೆಂದರೆ ಅದು ನೀರಿಗೆ ಇಳಿಯುವವರ ಉಡುಪು. ಎರಡಕ್ಕೂ ಒಂದೇ ಕಾರಣ.

ವೆಟ್‌ಸೂಟಿನ ಬಟ್ಟೆ ನಿಯೋಪ್ರೀನ್. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರ್. ತಣ್ಣನೆ ನೀರಲ್ಲಿ ಮೈ ಬೆಚ್ಚಗಿಡುವುದು ಅದರ ಕೆಲಸ. ನೆಲದ ಮೇಲೆ ಓಡಿದರೆ ಬೆವರು ಹೋಗಲು ದಾರಿಯೇ ಇಲ್ಲ. ನಿಮ್ಮ ನಾಯಕ ಇದನ್ನು ಹಾಕಿಕೊಂಡು ಮೂರು ಮಹಡಿ ಹತ್ತಿದ ಮೇಲೂ ಮುಖ ಒಣಗಿದ್ದರೆ ನೋಡುವವರಿಗೆ ಗೊತ್ತಾಗುತ್ತದೆ. ಒಂದು ಒಳ್ಳೆಯ ವಿಷಯ: ಬೆನ್ನಿನ ಜಿಪ್ಪಿಗೆ ಉದ್ದ ಪಟ್ಟಿ ಇರುತ್ತದೆ, ಅದನ್ನು ಹಿಂದಿನಿಂದ ಎಳೆದು ಒಬ್ಬನೇ ಹಾಕಿಕೊಳ್ಳಬಹುದು. ಗುಟ್ಟಾಗಿ ವೇಷ ಹಾಕುವವನಿಗೆ ಇದು ದೊಡ್ಡ ಅನುಕೂಲ. ಮೋಟಾರ್‌ಸೈಕಲ್ ಸವಾರರ ಜಾಕೆಟ್ ಇನ್ನೂ ವಾಸಿ. ಹೆಗಲು, ಮೊಣಕೈಗೆ ಒಳಗೇ ಪ್ಯಾಡ್ ಇರುತ್ತದೆ, ಬಿದ್ದು ಉಜ್ಜಿದರೂ ತಡೆಯುತ್ತದೆ. ಕಂಪನಿಯ ಹೆಸರು ಮುಚ್ಚಿ ಸ್ಪ್ರೇ ಪೇಂಟ್ ಹೊಡೆದ ಗುರುತು ಕಾಣುವ ಹಾಗೆ ಬಿಟ್ಟರೆ ಅದೇ ಮನೆಕೆಲಸದ ಸಾಕ್ಷಿ.

ದುಡ್ಡಿರುವ ನಾಯಕನಿಗೆ 2005ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ಪಾಠದಂತಿದೆ. ಮೈಯ ಕವಚ ಸೈನಿಕರಿಗೆಂದು ಮಾಡಿ ಮೂಲೆಗೆ ಹಾಕಿದ್ದು. ತಲೆಯ ಮುಖವಾಡದ ಭಾಗಗಳನ್ನು ಬೇರೆ ಬೇರೆ ಕಡೆಯಿಂದ ತರಿಸುತ್ತಾರೆ. ಅನುಮಾನ ಬರಬಾರದು ಅಂತ ಹತ್ತು ಸಾವಿರಗಟ್ಟಲೆ ಆರ್ಡರ್ ಕೊಡುತ್ತಾರೆ. ಮೊದಲು ಬಂದ ಸರಕು ಹೊಡೆತ ತಡೆಯದೆ ಒಡೆಯುತ್ತದೆ. ಆ ಒಡೆದ ಮುಖವಾಡ ಸಿನಿಮಾಕ್ಕೆ ಕೊಟ್ಟ ನಂಬಿಕೆ ಸಣ್ಣದಲ್ಲ. ಕೋಟ್ಯಧಿಪತಿಗೂ ಮೊದಲ ಸಲ ಕೆಟ್ಟಿತು ಅಂದರೆ ಉಳಿದದ್ದನ್ನೆಲ್ಲಾ ಒಪ್ಪಿಕೊಳ್ಳುತ್ತೇವೆ.

ಗಟ್ಟಿ ಕವಚ

ಕವಚ ಅಂದಾಗ ಮೊದಲು ಭಾರದ ಲೆಕ್ಕ ಹಾಕಿ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಸುಮಾರು 8 ಕೆಜಿ ತೂಗುತ್ತದೆ. ಎದೆ, ಬೆನ್ನು, ತೋಳು ಮುಚ್ಚಲು ಹತ್ತಿರಹತ್ತಿರ ಅಷ್ಟು ತಗಡು ಬೇಕು. ಅಷ್ಟಾದರೂ ಆ ದಪ್ಪದ ಸಾಧಾರಣ ತಗಡು ಬಂದೂಕಿನ ಗುಂಡು ತಡೆಯುವುದಿಲ್ಲ. ದಪ್ಪ ಎರಡು ಪಟ್ಟಾದರೆ ಭಾರವೂ ಎರಡು ಪಟ್ಟು. ಅಲ್ಯೂಮಿನಿಯಂ ಆದರೆ ತೂಕ ಮೂರನೇ ಒಂದು ಭಾಗ, ಆದರೆ ಬೇಗ ನೆಗ್ಗುತ್ತದೆ.

2008ರ 'ಐರನ್ ಮ್ಯಾನ್'ನಲ್ಲಿ ಗುಹೆಯಲ್ಲಿ ಕ್ಷಿಪಣಿಯ ಭಾಗಗಳಿಂದ ಮಾಡಿದ ಮೊದಲ ಕವಚವನ್ನು ನಾನು ಇವತ್ತಿಗೂ ಈ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಬೆಸುಗೆ ಹಾಕಿದ ಕಲೆ ಕಾಣುತ್ತದೆ, ತಗಡಿನ ಅಂಚು ಒರಟಾಗಿದೆ, ನಡೆದರೆ ನೆಲ ಅದುರುತ್ತದೆ. ಮೇಲೆ ಹಾರುತ್ತದೆ ನಿಜ, ಆದರೆ ಮರಳಿನಲ್ಲಿ ಬಿದ್ದು ಚೂರುಚೂರಾಗುತ್ತದೆ. ಚಿತ್ರೀಕರಣಕ್ಕೆ ಅದನ್ನು ನಿಜವಾಗಿಯೂ ಮಾಡಿದ್ದು ಸ್ಟ್ಯಾನ್ ವಿನ್‌ಸ್ಟನ್ ಸ್ಟುಡಿಯೋ. ತೂಕ ಸುಮಾರು 40 ಕೆಜಿ. ಆ ಕುಲುಕು ನಡಿಗೆಗೆ ಬೇರೆ ನಟನೆ ಬೇಕಾಗಲಿಲ್ಲ.

ಸಣ್ಣ ಚಿತ್ರಕ್ಕೆ ಇವಿಎ ಫೋಮ್ ಸಾಕು. ವ್ಯಾಯಾಮದ ಜಾಗದಲ್ಲಿ ನೆಲಕ್ಕೆ ಹಾಸುವ ದಪ್ಪ ಹಾಳೆಗಳದ್ದೇ ಜಾತಿ. ಚೂಪಾದ ಬ್ಲೇಡಿನಿಂದ ಕತ್ತರಿಸಿ, ಬಿಸಿಗಾಳಿಯ ಗನ್ನಿನಿಂದ ಬಗ್ಗಿಸಿ, ಗಟ್ಟಿ ಅಂಟಿನಿಂದ ಸೇರಿಸಿ ಬಣ್ಣ ಹೊಡೆಯಬಹುದು. ಅಂಟಿನ ಕೆಲಸ ಮಾಡುವಾಗ ಕಿಟಕಿ ತೆಗೆದಿರಲಿ. ಇಲ್ಲಿ ತಪ್ಪುವುದು ಬಣ್ಣದಲ್ಲಲ್ಲ, ನಡಿಗೆಯಲ್ಲಿ. ಫೋಮ್ ಹಗುರ, ನಟ ಚಂಗನೆ ನೆಗೆಯುತ್ತಾನೆ, ಕಬ್ಬಿಣದ ಸುಳ್ಳು ಅಲ್ಲೇ ಬಯಲಾಗುತ್ತದೆ. ಕಾಲಿಗೆ, ಮಣಿಕಟ್ಟಿಗೆ ಭಾರದ ಪಟ್ಟಿ ಕಟ್ಟಿ ನಡೆಸಿ. ಲೋಹದ ಶಬ್ದವನ್ನು ಆಮೇಲೆ ಸೇರಿಸಿ.

ಯಾವ ದಾರಿ ಹಿಡಿದರೂ ಮುಖವಾಡ ಬಿಡುವುದಿಲ್ಲ

ಎಲ್ಲಾ ಸರಿಯಾಗಿದ್ದು ಮುಖವಾಡದಲ್ಲಿ ಕೆಟ್ಟ ಸಿನಿಮಾಗಳು ಎಷ್ಟೋ. ಕಾಣಬೇಕು, ಉಸಿರಾಡಬೇಕು, ಮಾತು ಕೇಳಿಸಬೇಕು, ತಲೆ ತಿರುಗಬೇಕು. 1989ರ 'ಬ್ಯಾಟ್‌ಮ್ಯಾನ್'ನಲ್ಲಿ ಮೈಕಲ್ ಕೀಟನ್‌ಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಮೈಯನ್ನೇ ತಿರುಗಿಸುತ್ತಿದ್ದರು. 2008ರ 'ದ ಡಾರ್ಕ್ ನೈಟ್'ನಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಹೊಸ ಉಡುಪು ಕೇಳುವಾಗ ತಲೆ ತಿರುಗಿಸಲು ಬರುವ ಹಾಗಿರಲಿ ಅನ್ನುವುದನ್ನೇ ಕಥೆಯ ಒಳಗೆ ತಂದರು. ತೊಂದರೆಯನ್ನು ಪಾತ್ರದ ಬಾಯಲ್ಲೇ ಹೇಳಿಸಿದ್ದು ಬಹಳ ಒಳ್ಳೆಯ ಕೆಲಸ.

ಕಣ್ಣಿನ ಸುತ್ತಲಿನ ಕಪ್ಪೂ ಹಾಗೆಯೇ. ಮುಖವಾಡದ ಕಿಂಡಿಯಲ್ಲಿ ಚರ್ಮ ಕಾಣಬಾರದು ಅಂತ ನಟರಿಗೆ ಕಪ್ಪು ಬಳಿಯುತ್ತಾರೆ. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್'ನಲ್ಲಿ ಮುಖವಾಡ ಹರಿದು ತೆಗೆಯುವ ಹೊತ್ತಿಗೆ ಆ ಕಪ್ಪು ಮಾಯವಾಗಿರುತ್ತದೆ. 2022ರ 'ದ ಬ್ಯಾಟ್‌ಮ್ಯಾನ್'ನಲ್ಲಿ ಮುಖವಾಡ ತೆಗೆದರೂ ಕಪ್ಪು ಕಣ್ಣಿನ ಸುತ್ತ ಹರಡಿಕೊಂಡು ಉಳಿದಿದೆ. ರಾತ್ರಿಯಿಡೀ ಹೊರಗಿದ್ದು ಬಂದವನ ಆಯಾಸ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಖರ್ಚಿಲ್ಲದ ಕೆಲಸ, ಯಾರು ಬೇಕಾದರೂ ಮಾಡಬಹುದು.

ಬಟ್ಟೆಯ ಮುಖವಾಡಕ್ಕೆ ಕಣ್ಣಿನ ಜಾಗದಲ್ಲಿ ಬಿಳಿ ಬೇಕಾದರೆ ಸಣ್ಣ ತೂತುಗಳ ಜಾಲರಿಗೆ ಹೊರಗಿನಿಂದ ಮಾತ್ರ ಬಿಳಿ ಬಣ್ಣ ಹೊಡೆಯಿರಿ. ಒಳಗಿನಿಂದ ಕಾಣುತ್ತದೆ, ಹೊರಗಿನಿಂದ ಬಿಳಿಯಾಗಿಯೇ ಇರುತ್ತದೆ. ಕತ್ತಲೆಯಲ್ಲಿ ಮಾತ್ರ ಇದರಲ್ಲಿ ಕಾಣುವುದು ಕಡಿಮೆ. ಕಥೆಯಲ್ಲಿ ರಾತ್ರಿ ದೃಶ್ಯಗಳು ಜಾಸ್ತಿ ಇದ್ದರೆ ಕಣ್ಣು ತೆರೆದೇ ಇರಲಿ. 2015ರ 'ಡೇರ್‌ಡೆವಿಲ್' ಸರಣಿಯಲ್ಲಿ ನಾಯಕ ಕಣ್ಣನ್ನೂ ಸೇರಿಸಿ ಕಪ್ಪು ಬಟ್ಟೆ ಕಟ್ಟಿಕೊಳ್ಳುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಕಿಂಡಿ ಬೇಡ. ಇದಕ್ಕಿಂತ ಸರಳ, ಇದಕ್ಕಿಂತ ಸರಿಯಾದ ಮುಖವಾಡ ನಾನು ಕಂಡಿಲ್ಲ.

ಬೆನ್ನ ಮೇಲಿನ ಉದ್ದ ವಸ್ತ್ರದ ಬಗ್ಗೆ ಒಂದೇ ಮಾತು. ಹೊಲಿಯಲು ಎಲ್ಲಕ್ಕಿಂತ ಸುಲಭ, ಹೊಡೆದಾಟದಲ್ಲಿ ಎಲ್ಲಕ್ಕಿಂತ ಅಪಾಯ. ಹಾಕಿದರೆ ಎಳೆದಾಗ ಕಿತ್ತು ಬರುವ ಹಾಗೆ ಕಟ್ಟಿ.

ನಿಮ್ಮ ಕಥೆಗೆ ಯಾವುದು?

ನಾಯಕನಿಗೆ ಶಕ್ತಿ ಬಂದು ಒಂದೆರಡು ದಿನ ಆಗಿದೆ ಅಂದರೆ ಯೋಚನೆಯೇ ಬೇಡ, ಮನೆಯ ಬಟ್ಟೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಹೊಲಿಗೆ ಗೊತ್ತಿಲ್ಲ ಅಂದರೆ ರೆಡಿಮೇಡ್ ತಂದು ಮಾರ್ಪಾಡು ಮಾಡಿಸಿ. ಎಂಜಿನಿಯರೋ ಬೆಸುಗೆ ಕೆಲಸದವರೋ ಆಗಿದ್ದರೆ ಕವಚ ಕೊಡಿ, ಆದರೆ ಒಮ್ಮೆಯಾದರೂ ಅದು ಕೈಕೊಡಲಿ. ಮೈಗಂಟುವ ಉಡುಪೇ ಬೇಕು ಅಂತ ಮನಸ್ಸಿದ್ದರೆ ಕಥೆಯಲ್ಲಿ ತಿಂಗಳುಗಳು ಕಳೆಯಬೇಕು, ಇಲ್ಲವೇ ಹೊಲಿಗೆ ಬಲ್ಲ ಅಮ್ಮನೋ ಅಕ್ಕನೋ ಗೆಳೆಯನೋ ಕಥೆಯೊಳಗೆ ಬರಬೇಕು. ಎರಡನೆಯದು ನನಗೆ ಹೆಚ್ಚು ಇಷ್ಟ. ಗುಟ್ಟು ಗೊತ್ತಿರುವ ಇನ್ನೊಬ್ಬರು ಸಿಕ್ಕರೆ ಕಥೆಗೂ ಬಲ ಬರುತ್ತದೆ.

ಕೊನೆಗೆ ಚಿತ್ರೀಕರಣದ ಲೆಕ್ಕ. ಒಂದೇ ಉಡುಪು ಮಾಡಿಸಿಕೊಂಡು ಹೊರಡಬೇಡಿ. ಕಡಿಮೆ ಅಂದರೆ ಮೂರು ಬೇಕು: ಹೊಸದೊಂದು, ಅರ್ಧ ಸವೆದದ್ದೊಂದು, ಹೊಡೆದಾಟ ಮುಗಿದ ಮೇಲಿನದ್ದೊಂದು. ಸವೆಸುವಾಗ ಎಲ್ಲಾ ಕಡೆ ಒಂದೇ ಸಮ ಉಜ್ಜಬೇಡಿ. ಮೊಣಕಾಲು, ಮೊಣಕೈ, ತೊಡೆಯ ಒಳಭಾಗ, ಬೆರಳ ತುದಿ: ನಿಜವಾಗಿ ಸವೆಯುವುದು ಇಲ್ಲೇ. ಸ್ಯಾಂಡ್‌ಪೇಪರಿನಿಂದ ಉಜ್ಜಿ, ನೀರು ಬೆರೆಸಿದ ಬೂದು ಬಣ್ಣ ಹಚ್ಚಿ ಒರೆಸಿ. ಹರಿದ ಜಾಗ ಮುಂದಿನ ದೃಶ್ಯದಲ್ಲಿ ಹೊಲಿದಿರಲಿ, ಆ ಹೊಲಿಗೆಯ ದಾರ ಬೇರೆ ಬಣ್ಣದ್ದಾಗಿರಲಿ. ಯಾವ ದೃಶ್ಯಕ್ಕೆ ಯಾವ ಉಡುಪು ಅನ್ನುವುದನ್ನು ಬರೆದಿಟ್ಟು, ಪ್ರತಿ ದಿನ ಶೂಟಿಂಗ್ ಮುಗಿದ ಮೇಲೆ ಹರಿದ ಜಾಗಗಳ ಫೋಟೋ ತೆಗೆದಿಟ್ಟುಕೊಳ್ಳಿ.